ಹೋದ ದಾರಿಯಲ್ಲೇ ತಿರುಗಿ ಬರುವ ಸೂಜಿ

ನಾನು ಹಾಕಿದ ಮೊದಲ ಕಸೂತಿಯನ್ನು ಆಯಿಯ ಕೈಗೆ ಕೊಟ್ಟಾಗ ಆಕೆ ಮುಂಭಾಗ ನೋಡಲೇ ಇಲ್ಲ. ಬಟ್ಟೆ ತಿರುವಿದಳು, ಕನ್ನಡಕ ಏರಿಸಿಕೊಂಡಳು, ಹೆಬ್ಬೆರಳಿನಿಂದ ಹಿಂಬದಿಯನ್ನು ಮೆಲ್ಲಗೆ ಸವರಿದಳು. ಒಂದು ಕಡೆ ಬೆರಳು ನಿಂತಿತು. "ಇಲ್ಲಿ ದಾರಿ ತಪ್ಪೀ ನೋಡವ್ವಾ" ಅಂದಳು. ಹೊಲಿಗೆ ತಪ್ಪಿದೆ ಅನ್ನಲಿಲ್ಲ, ದಾರಿ ತಪ್ಪಿದೆ ಅಂದಳು. ಆ ಒಂದು ಮಾತಿನಿಂದ ನಾನು ಈ ಕೆಲಸಕ್ಕೆ ಅಂಟಿಕೊಂಡೆ.

ನಾನಿರುವುದು ಸೊಲ್ಲಾಪುರದಲ್ಲಿ. ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ. ಆಯಿ ಅಂದರೆ ನಮ್ಮ ಅಪ್ಪನ ತಾಯಿ, ಅಕ್ಕಲಕೋಟ ತಾಲೂಕಿನ ಹಳ್ಳಿಯವಳು. ಓಣಿಯಲ್ಲಿ ಮರಾಠಿ, ತೆಲುಗು, ಕನ್ನಡ ಮೂರೂ ಓಡಾಡುತ್ತವೆ. ಸೂಜಿ ಹಿಡಿದರೆ ಮಾತ್ರ ನಮ್ಮ ಮನೆಯಲ್ಲಿ ಬರೀ ಕನ್ನಡ. ಎಳೆ, ಕೊಂಬಿ, ಗವಂತಿ, ಮುರಗಿ, ಇವಕ್ಕೆ ನನ್ನ ಹತ್ತಿರ ಬೇರೆ ಭಾಷೆಯ ಶಬ್ದಗಳೇ ಇಲ್ಲ.

ಕಸೂತಿಯಲ್ಲಿ ನಾಲ್ಕು ಹೊಲಿಗೆ: ಗವಂತಿ, ಮುರಗಿ, ನೇಗಿ, ಮೆಂತೆ. ನನ್ನನ್ನು ಹಿಡಿದಿಟ್ಟದ್ದು ಗವಂತಿ. ಬಟ್ಟೆಯ ಮೇಲೆ ಪೆನ್ಸಿಲಿನಿಂದ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿಯೇ ಹಾಕಬೇಕು. ಗಂಟು ಹಾಕುವಂತಿಲ್ಲ. ಸೂಜಿ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಓಡುತ್ತಾ ಹೋಗುತ್ತದೆ, ಒಂದು ಬಿಟ್ಟು ಒಂದು ಗೆರೆ ಮೂಡುತ್ತದೆ. ಮರಳಿ ಬರುವಾಗ ಖಾಲಿ ಉಳಿದ ಗೆರೆಗಳು ತುಂಬುತ್ತವೆ. ಮುಗಿದಾಗ ಮುಂಬದಿ ಹಿಂಬದಿ ಎರಡೂ ಒಂದೇ ಥರ ಕಾಣಬೇಕು, ದಾರ ಹೊರಟ ತೂತಿಗೇ ಬಂದು ನಿಲ್ಲಬೇಕು.

ಒಂದು ನೇರ ಗೆರೆಯಾದರೆ ಇದು ಮಕ್ಕಳಾಟ. ಚಿತ್ರಕ್ಕೆ ಕೊಂಬೆ, ಚೌಕ, ಮೂಲೆ ಬಂದಾಗ ತಲೆಗೆ ಕೆಲಸ ಬೀಳುತ್ತದೆ. ನನ್ನ ತಪ್ಪು ಶುರುವಾದದ್ದು ಒಂದು ಮುಕ್ಕೋನದಿಂದ. ಮೂರು ಹೊಲಿಗೆಯ ಮುಕ್ಕೋನವನ್ನು ಒಂದೇ ದಿಕ್ಕಿನಲ್ಲಿ ಎರಡು ಸುತ್ತು ಹಾಕಿದೆ. ಮೊದಲ ಸುತ್ತಿನಲ್ಲಿ ಮೇಲೆ, ಕೆಳಗೆ, ಮೇಲೆ. ಎರಡನೆಯದರಲ್ಲಿ ಕೆಳಗೆ, ಮೇಲೆ, ಕೆಳಗೆ. ಎರಡೂ ಬದಿ ಚೊಕ್ಕಟವಾಗಿ ತುಂಬಿತು. ನಿಯಮ ಸಿಕ್ಕಿತು ಅಂದುಕೊಂಡು ತುಳಸಿಕಟ್ಟೆ ಚಿತ್ರದ ಚೌಕಕ್ಕೂ ಎರಡು ಸುತ್ತು ಹಾಕಿದೆ. ನಾಲ್ಕು ಹೊಲಿಗೆಯ ಚೌಕದಲ್ಲಿ ಐದನೆಯ ಹೊಲಿಗೆ ಮತ್ತೆ ಮೇಲೆಯೇ ಬೀಳುತ್ತದೆ, ಮೊದಲನೆಯದರ ನೆತ್ತಿಯ ಮೇಲೆ. ಅಲ್ಲಿಗೆ ಎರಡು ಗೆರೆ ದಪ್ಪಗಾಗಿ ಎರಡು ಗೆರೆ ಖಾಲಿ ಉಳಿದವು. ಆಯಿಯ ಹೆಬ್ಬೆರಳು ನಿಂತದ್ದು ಅಲ್ಲಿಯೇ.

ಆಕೆಯ ನಿಯಮ ಎರಡೇ ಮಾತಿನದು. "ಹೋದ ದಾರೀಲೇ ತಿರುಗಿ ಬಾ. ಕೊನೀಗೆ ಹಿಡಿದ ಕೊಂಬಿ ಮೊದಲ ಮುಗಸು." ಹೊಸ ಗೆರೆ ಸಿಕ್ಕರೆ ಅದರ ಮೇಲೆ ಹೋಗು, ತುದಿ ಬಂದರೆ, ಇಲ್ಲವೇ ಮೊದಲೇ ಮುಟ್ಟಿದ ತೂತು ಬಂದರೆ, ಅದೇ ಗೆರೆಯಲ್ಲಿ ಹಿಂದಿರುಗು. ಕಂಪ್ಯೂಟರ್ ಓದಿದವರಿಗೆ ಇದು ಕೂಡಲೇ ಗುರುತು ಸಿಗುತ್ತದೆ. ಡೆಪ್ತ್ ಫಸ್ಟ್ ಸರ್ಚ್, ಅಂದರೆ ಒಂದು ದಾರಿಯ ತುದಿಯವರೆಗೆ ಹೋಗಿ ಹಿಂದಿರುಗುತ್ತಾ ಹುಡುಕುವ ವಿಧಾನ ಅಂತ ನಾವು ಕಾಲೇಜಿನಲ್ಲಿ ಕಲಿತದ್ದು ಇದೇ.

ಆದರೆ ಈ ನಿಯಮ ಪ್ರತಿ ಸಲವೂ ಸರಿಹೋಗುತ್ತದೆಯೇ, ಮುಕ್ಕೋನ ಚೌಕ ಎರಡೂ ಬೆರೆತ ಗೋಪುರದ ಚಿತ್ರದಲ್ಲೂ? ಅದನ್ನು ತಿಳಿಯದೆ ನನಗೆ ನಿದ್ದೆ ಬರಲಿಲ್ಲ. ಕೊನೆಗೆ ಗ್ರಾಫ್ ಪುಸ್ತಕದಲ್ಲಿ ಬರೆದು ನೋಡಿದಾಗ ಉತ್ತರ ಎರಡು ಸಾಲಿನಲ್ಲಿ ಮುಗಿಯಿತು. ಒಂದು ಗೆರೆಯ ಮೇಲೆ ಮೊದಲ ಸಲ ಹೋದಾಗ ಒಂದು ಕಂಸ ತೆರೆಯಿತು ಅಂತ ಬರೆಯಿರಿ, ಅದೇ ಗೆರೆಯಲ್ಲಿ ಮರಳಿದಾಗ ಆ ಕಂಸ ಮುಚ್ಚಿತು ಅಂತ. ಕೊನೆಗೆ ತೆರೆದದ್ದನ್ನು ಮೊದಲು ಮುಚ್ಚುತ್ತಾ ಬಂದರೆ, ಯಾವ ಜೋಡಿಯನ್ನು ತೆಗೆದುಕೊಂಡರೂ ಅದರೊಳಗೆ ಇರುವುದು ಪೂರ್ತಿ ಜೋಡಿಗಳು ಮಾತ್ರ. ಅಂದರೆ ನಡುವಿನ ಹೊಲಿಗೆಗಳ ಎಣಿಕೆ ಯಾವಾಗಲೂ ಸಮ. ಸೂಜಿ ಒಮ್ಮೆ ಮೇಲೆ ಒಮ್ಮೆ ಕೆಳಗೆ ಹೋಗುವುದರಿಂದ, ಮರಳುವ ಹೊಲಿಗೆ ತಾನಾಗಿಯೇ ಇನ್ನೊಂದು ಬದಿಗೆ ಬೀಳಲೇಬೇಕು. ಮುಕ್ಕೋನವೋ ಚೌಕವೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ಗೆರೆಗಳು ಒಂದಕ್ಕೊಂದು ಕೂಡಿಕೊಂಡಿದ್ದರೆ ಸಾಕು, ಎಂಥ ಚಿತ್ರವೂ ಒಂದೇ ದಾರದಲ್ಲಿ ಆಗುತ್ತದೆ.

1736ರಲ್ಲಿ ಗಣಿತಜ್ಞ ಆಯ್ಲರ್ ಯುರೋಪಿನ ಕೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳನ್ನು ಒಂದೊಂದೇ ಸಲ ದಾಟಿ ಬರಲು ಸಾಧ್ಯವಿಲ್ಲ ಎಂದು ತೋರಿಸಿದ. ನದಿ ಬೇರ್ಪಡಿಸಿದ ಆ ಊರಿನ ನಾಲ್ಕೂ ಭಾಗಗಳಿಗೆ ಬೆಸ ಸಂಖ್ಯೆಯ ಸೇತುವೆಗಳಿದ್ದದ್ದೇ ತೊಡಕು. ಗವಂತಿಯಲ್ಲಿ ಪ್ರತಿ ಗೆರೆಯನ್ನೂ ಎರಡು ಸಲ ದಾಟುತ್ತೇವೆ, ಬೆಸ ಎಂಬುದು ಎಲ್ಲೂ ಉಳಿಯುವುದಿಲ್ಲ. ಇದನ್ನು ಆಯಿಗೆ ಹೇಳಿದೆ. ಪೂರ್ತಿ ಕೇಳಿದಳು. "ಹಂಗಾರ ಆ ಊರಾಗ ಎಲ್ಲಾ ಪೂಲಿನ ಮ್ಯಾಲೂ ಎರಡೆರಡು ಸಲ ಅಡ್ಡಾಡಿದ್ರ ಆತು" ಅಂದಳು. ನಿಜ, ಉತ್ತರ ಅದೇ.

ಇನ್ನು ಕೈಕೆಲಸದ ಮಾತು. ನವಿ ಪೇಠೆಯಿಂದ ಐಡಾ ಬಟ್ಟೆ ತಂದೆ, ಇಂಚಿಗೆ 14 ಮನೆ ಇರುವಂಥದ್ದು. ಹೊಸಬರಿಗೆ ಇದೇ ಒಳ್ಳೆಯದು, ತೂತು ಕಣ್ಣಿಗೆ ಕಾಣುತ್ತವೆ. ದಾರದ ಲಡಿ ಆರು ಎಳೆಯದು, ಅದರಲ್ಲಿ ಎರಡೇ ಎಳೆ ಬಿಡಿಸಿಕೊಳ್ಳಿ. ಸೂಜಿಯ ಮೊನೆ ಮೊಂಡಾಗಿರಲಿ, ಚೂಪಾದದ್ದು ಮೊದಲು ಹಾಕಿದ ದಾರವನ್ನೇ ಸೀಳಿಕೊಂಡು ಹೋಗುತ್ತದೆ. ಶುರುವಿನಲ್ಲಿ ಗಂಟಿನ ಬದಲು ನಾಲ್ಕು ಬೆರಳಿನಷ್ಟು ದಾರ ಬಿಟ್ಟಿರಿ, ಕಡೆಗೆ ಅದನ್ನು ಹೊಲಿಗೆಗಳ ಸಂದಿಯಲ್ಲಿ ತೂರಿಸಿ ಮುಚ್ಚಬಹುದು.

ದಾರ ಎಷ್ಟು ಬೇಕು ಎಂಬ ಲೆಕ್ಕ ನನಗೆ ಬಲು ಇಷ್ಟ. ಈ ಬಟ್ಟೆಯಲ್ಲಿ ಒಂದು ಹೊಲಿಗೆ ಸುಮಾರು 1.8 ಮಿಲಿಮೀಟರ್. ನನ್ನ ತುಳಸಿಕಟ್ಟೆಯಲ್ಲಿ 112 ಗೆರೆ, ಎರಡು ಸಲ ಅಂದರೆ 224 ಹೊಲಿಗೆ, ಒಟ್ಟು 40 ಸೆಂಟಿಮೀಟರ್. ಬಾಲಕ್ಕೆ ಸ್ವಲ್ಪ ಸೇರಿಸಿ 50 ಕತ್ತರಿಸಿದೆ. ಕೊನೆಯ ಏಳೆಂಟು ಹೊಲಿಗೆ ಇರುವಾಗ ದಾರ ಗಿಡ್ಡಾಗಿ ಸೂಜಿ ತಿರುಗಿಸಲು ಬರದಂತಾಯಿತು. ಬಟ್ಟೆಯ ದಪ್ಪವನ್ನೂ ಬೆರಳಿಗೆ ಬೇಕಾದ ಜಾಗವನ್ನೂ ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಆಯಿ ಮೊಣಕೈಯಿಂದ ಬೆರಳ ತುದಿಯವರೆಗೆ ಒಂದೂವರೆ ಮೊಳ ಅಳೆದು ಕೊಟ್ಟಳು. ಸರಿಹೋಯಿತು. ಹೊಲಿಗೆಯ ದಾರಿ ಹುಡುಕಲು ನಾನು ಕಂಪ್ಯೂಟರಿನಲ್ಲಿ ಬರೆದುಕೊಂಡಿರುವ ಪೈಥಾನ್ ಕೋಡ್ ಅಂದಿನಿಂದ ದಾರಿಯ ಜೊತೆಗೆ ದಾರದ ಉದ್ದವನ್ನೂ ಮೊಳದಲ್ಲೇ ಹೇಳುತ್ತದೆ.

ನೇಗಿ ಬೇರೆ ಜಾತಿಯದು. ಸಾಲಿನುದ್ದಕ್ಕೂ ಇಷ್ಟು ಎಳೆ ಮೇಲೆ, ಇಷ್ಟು ಎಳೆ ಕೆಳಗೆ. ಸೊನ್ನೆ ಒಂದರ ಸಾಲಿನಂತೆ ಓದಬಹುದು, ಹಿಂಬದಿಯಲ್ಲಿ ಸೊನ್ನೆ ಇದ್ದಲ್ಲಿ ಒಂದು. ಸೊಲ್ಲಾಪುರದ ಚಾದರಗಳನ್ನು ನೇಯುವ ಜಕಾರ್ಡ್ ಮಗ್ಗದ ತೂತಿನ ಕಾರ್ಡುಗಳನ್ನು ನೋಡಿದವರಿಗೆ ಇದು ಹೊಸದಲ್ಲ. ಫ್ರಾನ್ಸಿನ ಜಕಾರ್ಡ್ 1804ರಲ್ಲಿ ಹೊರತಂದ ಮಗ್ಗದ ಆ ಕಾರ್ಡಿನ ಉಪಾಯವನ್ನೇ ಇಂಗ್ಲೆಂಡಿನ ಗಣಿತಜ್ಞ ಬ್ಯಾಬೇಜ್ ತನ್ನ ಗಣಕಯಂತ್ರದ ಯೋಜನೆಗೆ ಎತ್ತಿಕೊಂಡ. ನಾನು ದಿನಾ ಮಾಡುವ ಕೆಲಸದ ಬೇರು ಮಗ್ಗದ ಗುಂಡಿಯಲ್ಲಿದೆ ಎಂಬುದು ನನಗೆ ದೊಡ್ಡ ಸಂತೋಷ.

ಈಗ ಆಯಿಯ ಕಪ್ಪು ಚಂದ್ರಕಾಳಿ ಸೀರೆಯ ಸೆರಗಿನಿಂದ ನವಿಲನ್ನು ಗ್ರಾಫ್ ಪುಸ್ತಕಕ್ಕೆ ಇಳಿಸುತ್ತಿದ್ದೇನೆ. ಕಪ್ಪಿನ ಮೇಲೆ ಎಳೆ ಎಣಿಸುವುದು ಕಣ್ಣಿಗೆ ಕಷ್ಟ. ತೊಡೆಯ ಮೇಲೆ ಬಿಳಿ ಟವೆಲ್ ಹಾಸಿಕೊಂಡು, ಸೀರೆಯನ್ನು ಅದರ ಮೇಲೆ ಎಳೆದು ಹಿಡಿದರೆ ಎಳೆಗಳ ಸಂದಿಯಲ್ಲಿ ಬಿಳುಪು ಕಾಣುತ್ತದೆ, ಆಗ ಎಣಿಸಬಹುದು. ಮೊನ್ನೆ ನವಿಲಿನ ಕಣ್ಣಿಗೆ ಬಂದೆ. ಕಣ್ಣು ಒಂದು ಪುಟ್ಟ ಚೌಕ. ಅದರಿಂದ ಕೊಕ್ಕಿನ ಕಡೆಗೆ ಎರಡು ಹೊಲಿಗೆಯ ಒಂದು ಗೆರೆ. ಇಷ್ಟು ದಿನ ಅದನ್ನು ಬರೀ ಅಲಂಕಾರ ಅಂದುಕೊಂಡಿದ್ದೆ. ಕೈಯಿಂದ ಆ ಗೆರೆ ಮುಚ್ಚಿ ನೋಡಿದೆ: ಕಣ್ಣು ನವಿಲಿನಿಂದ ಬೇರೆಯಾಗಿ ಒಂಟಿಯಾಗಿ ನಿಂತಿತು, ಅಲ್ಲಿಗೆ ದಾರ ಹೋಗುವ ದಾರಿಯೇ ಇರಲಿಲ್ಲ. ಸೀರೆ ಹಿಡಿದುಕೊಂಡು ಅಡಿಗೆಮನೆಗೆ ಹೋಗಿ ಆಯಿಗೆ ಆ ಗೆರೆ ತೋರಿಸಿದೆ. ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸಿ ನೋಡಿದಳು.

"ಅದಿಲ್ಲಂದ್ರ ಕಣ್ಣಿಗೆ ಹೆಂಗ ಹೋಗ್ತಿದ್ದಿ?" ಅಂದಳು.