ಮಕ್ಕಳಿರುವ ಮನೆಯಲ್ಲಿ ಸಾಮಾನು ಕಡಿಮೆ ಮಾಡುವುದು: ನಾನು ಅನುಸರಿಸುವ ಕ್ರಮ

ಇಡೀ ಕೋಣೆಯನ್ನು ಒಂದೇ ದಿನ ಹರವಿಕೊಂಡು ಕೂರುವುದು ಬಿಡುವಿದ್ದವರ ಕೆಲಸ. ಅರ್ಧಕ್ಕೆ ಮಗು ಎದ್ದರೆ ಮುಗಿಯಿತು, ಮಂಚದ ಮೇಲೆ ರಾಶಿ ಹಾಕಿದ್ದನ್ನೆಲ್ಲ ರಾತ್ರಿ ಹಾಗೇ ಬೀರುವಿಗೆ ತುರುಕಬೇಕು. ಅದಕ್ಕೇ ಒಂದು ಸಲಕ್ಕೆ ಒಂದೇ ಡ್ರಾಯರ್, ಮೊಬೈಲಿನಲ್ಲಿ 15 ನಿಮಿಷದ ಅಲಾರಂ. ಹತ್ತು ನಿಮಿಷ ವಿಂಗಡಿಸಲು, ಉಳಿದ ಐದು ಎತ್ತಿಡಲು.

ಎರಡು ಚೀಲ, ಒಂದು ಬುಟ್ಟಿ ಸಾಕು. ಒಂದು ಚೀಲ ಕೊಡುವುದಕ್ಕೆ, ಇನ್ನೊಂದು ಎಸೆಯುವುದಕ್ಕೆ. ಬೇರೆ ಕೋಣೆಗೆ ಸೇರಬೇಕಾದದ್ದು ಬುಟ್ಟಿಗೆ. ಅದನ್ನು ಆಗಲೇ ಕೊಂಡೊಯ್ದು ಇಡಲು ಹೊರಟರೆ ಅಲ್ಲಿ ಇನ್ನೊಂದು ಕೆಲಸ ಅಂಟಿಕೊಳ್ಳುತ್ತದೆ. ಕೊಡುವ ಚೀಲದ ಬಾಯಿ ಗಂಟು ಹಾಕಿಯೇ ಬಾಗಿಲ ಬಳಿ ಇಡಬೇಕು. ಇಲ್ಲದಿದ್ದರೆ ಮಕ್ಕಳು ಒಂದೊಂದಾಗಿ ಒಳಗೆ ತರುತ್ತಾರೆ. ತೀರ್ಮಾನವಾಗದ್ದನ್ನು ಪೆಟ್ಟಿಗೆಗೆ ಹಾಕಿ, ಟೇಪ್ ಅಂಟಿಸಿ, ಮೂರು ತಿಂಗಳ ಮುಂದಿನ ದಿನಾಂಕ ಬರೆಯುತ್ತೇನೆ. ಅಷ್ಟರೊಳಗೆ ಯಾರೂ ಕೇಳದಿದ್ದರೆ ಅದೂ ಹೊರಗೆ.

ಹೆಚ್ಚು ಜಾಗ ತಿನ್ನುವುದು ಚಿಕ್ಕದಾದ ಬಟ್ಟೆ. ಬೀರುವಿನ ತಳದಲ್ಲಿ ಒಂದು ಚೀಲ ಸದಾ ಇರಲಿ. ತೊಡಿಸುವಾಗ ಬಿಗಿಯಾದ ಅಂಗಿ ನೇರ ಅದಕ್ಕೆ ಹೋಗಬೇಕು. ಒಗೆದು ಮಡಚಿ ಒಳಗಿಟ್ಟರೆ ಅದೇ ಅಂಗಿ ಮತ್ತೆ ಕೈಗೆ ಬರುತ್ತದೆ. ತಮ್ಮನಿಗೋ ತಂಗಿಗೋ ಎತ್ತಿಡುವುದಾದರೆ ಡಬ್ಬದ ಮೇಲೆ ವಯಸ್ಸಿನ ಜೊತೆ ಋತುವನ್ನೂ ಬರೆಯಿರಿ. ಎರಡನೇ ಮಗುವಿಗೆ ಅಳತೆ ಸರಿಹೊಂದುವ ಹೊತ್ತಿಗೆ ಸ್ವೆಟರಿನ ಕಾಲ ಮುಗಿದಿರಬಹುದು.

ಆಟಿಕೆಯಲ್ಲಿ ಮೂರರಲ್ಲೊಂದು ಪಾಲು ಹೊರಗೆ, ಉಳಿದದ್ದು ಅಟ್ಟದ ಮೇಲೆ. ಎರಡು ಮೂರು ವಾರಕ್ಕೊಮ್ಮೆ ಅದಲು ಬದಲು. ಹೊರಗಿನ ಡಬ್ಬಗಳಿಗೆ ಮುಚ್ಚಳ ಬೇಡವೇ ಬೇಡ. ಮುಚ್ಚಳ ತೆಗೆಯುವ ಮಗು ಅದನ್ನು ಮತ್ತೆ ಹಾಕುವುದಿಲ್ಲ. ಓದು ಬಾರದವರಿಗೆ ಡಬ್ಬದ ಮೇಲೆ ಚಿತ್ರ ಅಂಟಿಸಿ. ಪಜ಼ಲ್‌ನ ರಟ್ಟಿನ ಪೆಟ್ಟಿಗೆ ಮೂಲೆಯಲ್ಲಿ ಹರಿಯುತ್ತದೆ, ಹಾಗಾಗಿ ಮುಚ್ಚಳದ ಚಿತ್ರವನ್ನಷ್ಟೇ ಕತ್ತರಿಸಿ ತುಂಡುಗಳ ಜೊತೆ ಜಿಪ್ ಚೀಲಕ್ಕೆ ಹಾಕುತ್ತೇನೆ. ಮಕ್ಕಳಿಗೆ ತಿಳಿಯದಂತೆ ಆಟಿಕೆ ಸಾಗಿಸುವುದನ್ನು ನಾನು ಒಪ್ಪುವುದಿಲ್ಲ, ಗೊತ್ತಾದ ಮೇಲೆ ಅವರು ಮುರಿದ ಚಕ್ರವನ್ನೂ ಬಿಡುವುದಿಲ್ಲ. "ಈ ಎರಡರಲ್ಲಿ ಯಾವುದು ನಿನಗಿರಲಿ?" ಎಂದು ಕೇಳಿದರೆ ಬೇಗ ಮುಗಿಯುತ್ತದೆ.

ಶಾಲೆಯ ಚೀಟಿ ಬಂದ ಕೂಡಲೇ ದಿನಾಂಕವನ್ನು ಕ್ಯಾಲೆಂಡರಿಗೆ ಏರಿಸಿ, ಫೋಟೊ ತೆಗೆದು, ಹರಿದುಬಿಡುವುದು. ಸಹಿ ಬೇಕಿದ್ದರೆ ನಿಂತಲ್ಲೇ ಹಾಕಿ ಶಾಲೆಯ ಬ್ಯಾಗಿಗೆ. ಚಿತ್ರಗಳಿಗೆ ವರ್ಷಕ್ಕೊಂದು ಫೋಲ್ಡರ್. ಅದು ತುಂಬಿದರೆ ಹೊಸದೊಂದು ಒಳಬರಲು ಹಳೆಯದೊಂದು ಹೊರಡಬೇಕು. ಹಿಂಬದಿಯಲ್ಲಿ ಪೆನ್ಸಿಲಿನಿಂದ ತಿಂಗಳು, ವರ್ಷ ಬರೆದಿಡಿ. ಮೇಣದ ಬಣ್ಣದ ಹಾಳೆಗಳ ನಡುವೆ ಖಾಲಿ ಕಾಗದ ಇಡದಿದ್ದರೆ ಬಿಸಿಲ ದಿನಗಳಲ್ಲಿ ಒಂದರ ಬಣ್ಣ ಇನ್ನೊಂದಕ್ಕೆ ಹತ್ತುತ್ತದೆ.

ಚಿಲ್ಲರೆ ಸಾಮಾನಿನ ಡ್ರಾಯರನ್ನು ಮಾತ್ರ ನಾಳೆಗೆ ಹಾಕಬೇಡಿ. ರಿಮೋಟ್, ಆಟಿಕೆಗಳ ನಾಣ್ಯದಂಥ ಬಟನ್ ಸೆಲ್ ಅಲ್ಲೇ ಬಿದ್ದಿರುತ್ತದೆ. ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ತೀವ್ರ ಸುಟ್ಟಗಾಯ ಆಗಬಹುದು. ಮುಗಿದ ಸೆಲ್ಲೂ ಅಷ್ಟೇ ಅಪಾಯ. ಎರಡೂ ಬದಿಗೆ ಟೇಪ್ ಸುತ್ತಿ, ಎತ್ತರದಲ್ಲಿ ಬೀಗ ಹಾಕಿಟ್ಟು, ಮನೆಯ ಕಸಕ್ಕೆ ಸೇರಿಸದೆ ಇ-ತ್ಯಾಜ್ಯಕ್ಕೆ ಕೊಡಿ.

ಹೊಸ ಡಬ್ಬ ಕೊಳ್ಳುವುದು ಎಲ್ಲದರ ಕೊನೆಗೆ. ಆಗಲೂ ಟೇಪು ಹಿಡಿದು ಖಾನೆಯ ಅಗಲ, ಎತ್ತರ, ಆಳ ಮೂರನ್ನೂ ಅಳೆಯಿರಿ. ಬಾಗಿಲ ಕೀಲು ಒಳಗೆ ಚಾಚಿರುವ ಕಡೆ ಅಗಲದಲ್ಲಿ ಅಷ್ಟು ಕಳೆಯದಿದ್ದರೆ ತಂದ ಡಬ್ಬ ಒಳಗೇ ಹೋಗುವುದಿಲ್ಲ.