ಮೈಸೂರಿನಲ್ಲಿ ಸರ್ಕಾರಿ ಆರೋಗ್ಯ ಕಾರ್ಡು ನಡೆಯುವ ಫಿಜಿಷಿಯನ್ ಹುಡುಕುವ ಬಗೆ

ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬಿಡದೆ ಕಾಡುವ ಜ್ವರ ಇಂಥವುಗಳಿಗೆ ನೋಡಬೇಕಾದವರು ಫಿಜಿಷಿಯನ್. ಅವರ ಬೋರ್ಡಿನಲ್ಲಿ ಜನರಲ್ ಮೆಡಿಸಿನ್ ವಿಷಯದ ಎಂ.ಡಿ. ಅಥವಾ ಅದಕ್ಕೆ ಸಮನಾದ ಡಿ.ಎನ್.ಬಿ. ಎಂದಿರಬೇಕು. ಬರಿಯ ಎಂ.ಡಿ. ಎಂದಿದ್ದರೆ ಯಾವ ವಿಷಯದಲ್ಲಿ ಎಂದು ವಿಚಾರಿಸಿ, ಚರ್ಮರೋಗಕ್ಕೂ ಎಂ.ಡಿ. ಇದೆ.

ಹುಡುಕಾಟ ಹಾದಿ ತಪ್ಪುವುದು ಸಾಮಾನ್ಯವಾಗಿ ಮೊದಲ ಪ್ರಶ್ನೆಯಲ್ಲೇ. ‘ಈ ಡಾಕ್ಟರು ಕಾರ್ಡು ತಗೋತಾರಾ?’ ಎಂದು ಕ್ಲಿನಿಕ್ಕಿನಿಂದ ಕ್ಲಿನಿಕ್ಕಿಗೆ ಅಲೆಯುವುದು ವ್ಯರ್ಥ. ಈ ಕಾರ್ಡು ಕೊಡುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ನೋಂದಣಿಯಾಗುವುದು ಆಸ್ಪತ್ರೆಯೇ ಹೊರತು ವೈದ್ಯರಲ್ಲ. ಅದು ಮುಖ್ಯವಾಗಿ ಭರಿಸುವುದೂ ಒಳರೋಗಿಯಾಗಿ ದಾಖಲಾದವರ ಚಿಕಿತ್ಸೆಯನ್ನು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸೌಲಭ್ಯವಿದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ, ಅಂದರೆ ಆಯಾ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿರುವ ದರದ, ಶೇ 30ರಷ್ಟು, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ ಸಿಗುತ್ತದೆ. ಖಾಸಗಿ ಕ್ಲಿನಿಕ್ಕಿನಲ್ಲಿ ತಿಂಗಳಿಗೊಮ್ಮೆ ತೋರಿಸಿಕೊಂಡು ಬರುವ ಶುಲ್ಕ ಇದರೊಳಗೆ ಬರುವುದಿಲ್ಲ.

ಆದ್ದರಿಂದ ಮೊದಲು ಹೋಗಬೇಕಾದದ್ದು ಸರ್ಕಾರಿ ಆಸ್ಪತ್ರೆಯ ಮೆಡಿಸಿನ್ ವಿಭಾಗಕ್ಕೆ. ಮೈಸೂರಿನಲ್ಲಿ ಅದು ಕೆ.ಆರ್. ಆಸ್ಪತ್ರೆ, ಅಂದರೆ ನಮ್ಮ ದೊಡ್ಡಾಸ್ಪತ್ರೆ, ಮಂಡ್ಯದವರಿಗೆ ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಮಿಮ್ಸ್. ಎರಡೂ ಬೋಧನಾ ಆಸ್ಪತ್ರೆಗಳಾದ್ದರಿಂದ ಅಲ್ಲಿನ ಹೊರರೋಗಿ ವಿಭಾಗದಲ್ಲಿ ಎಂ.ಡಿ. ಆದವರು ಇರುತ್ತಾರೆ. ಸಾಲು ಉದ್ದವಿರುತ್ತದೆ, ಬೆಳಿಗ್ಗೆಯೇ ಚೀಟಿ ಮಾಡಿಸಿ. ಅಗತ್ಯವಾದ ಚಿಕಿತ್ಸೆ ಅಲ್ಲಿ ಲಭ್ಯವಿಲ್ಲದಿದ್ದರೆ ಅವರೇ ರೆಫರಲ್ ಪತ್ರ ಕೊಡುತ್ತಾರೆ. ಅದನ್ನು ಹಿಡಿದು ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಯೋಜನೆಯ ಪಟ್ಟಿಯಲ್ಲಿರುವ ತುರ್ತು ಸ್ಥಿತಿಗಳಿಗೆ ಮಾತ್ರ ಪತ್ರವಿಲ್ಲದೆ ನೇರವಾಗಿ ಹೋಗಲು ಅವಕಾಶವಿದೆ.

ಪತ್ರ ಕೈಗೆ ಬಂದೊಡನೆ ಹೆಸರು ಸರಿಯಿದೆಯೇ ಎಂದು ಕೌಂಟರಿನಲ್ಲೇ ನಿಂತು ಓದಿ. ನಮ್ಮ ಅತ್ತೆಯವರ ಹೆಸರು ಆಧಾರ್‌ನಲ್ಲಿ ಜಯಲಕ್ಷ್ಮಮ್ಮ, ಪಡಿತರ ಚೀಟಿಯಲ್ಲಿ ಬರೀ ಜಯಮ್ಮ. ಆ ಎರಡಕ್ಷರದ ಸಲುವಾಗಿ, ಡ್ರಿಪ್ ಹಾಕಿಸಿಕೊಂಡು ಮಲಗಿದ್ದ ಅವರನ್ನು ಬಿಟ್ಟು ನಾನು ಒಂದಿಡೀ ಮಧ್ಯಾಹ್ನ ಆರೋಗ್ಯಮಿತ್ರರ ಮೇಜಿನ ಮುಂದೆ ಕುಳಿತಿದ್ದೆ. ಯೋಜನೆಯ ಕಾಗದಪತ್ರ ನೋಡಿಕೊಳ್ಳುವವರು ಈ ಆರೋಗ್ಯಮಿತ್ರರೇ. ವೈದ್ಯರನ್ನು ಕಾಣುವುದಕ್ಕಿಂತ ಮೊದಲು ಅವರನ್ನು ಕಾಣುವುದು ಲೇಸು. ಹೆಸರಿನ ವ್ಯತ್ಯಾಸವಿದ್ದರೆ ಮನೆಯಲ್ಲಿ ಎಲ್ಲರೂ ಗಟ್ಟಿಯಾಗಿರುವಾಗಲೇ ತಿದ್ದಿಸಿಕೊಳ್ಳಿ.

ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿದ್ದು ಇ.ಎಸ್.ಐ. (ನೌಕರರ ರಾಜ್ಯ ವಿಮೆ) ಕಡಿತವಾಗುತ್ತಿರುವ ಕಾರ್ಖಾನೆ ನೌಕರರ ದಾರಿ ಬೇರೆ, ಸಲೀಸು ಕೂಡ. ಇ.ಎಸ್.ಐ.ನಲ್ಲಿ ಹೊರರೋಗಿ ಚಿಕಿತ್ಸೆಯೂ ಔಷಧಿಯೂ ಸೇರಿವೆ. ತಮಗೆ ಗೊತ್ತುಮಾಡಿರುವ ಡಿಸ್ಪೆನ್ಸರಿಗೆ ಮೊದಲು ಹೋದರೆ ಅಲ್ಲಿಂದ ಫಿಜಿಷಿಯನ್ ಬಳಿಗೆ ಕಳುಹಿಸುತ್ತಾರೆ.

ಖಾಸಗಿ ಆಸ್ಪತ್ರೆಯೊಂದು ಯೋಜನೆಯಲ್ಲಿದೆಯೇ ಎಂಬುದನ್ನು 104 ಆರೋಗ್ಯ ಸಹಾಯವಾಣಿಯಲ್ಲಿ ವಿಚಾರಿಸಿ. ಬಳಿಕ ಆಸ್ಪತ್ರೆಗೇ ಫೋನ್ ಮಾಡಿ, ‘ಕಾರ್ಡು ನಡೆಯುತ್ತದೆಯೇ’ ಎಂದಷ್ಟೇ ಕೇಳದೆ, ‘ಜನರಲ್ ಮೆಡಿಸಿನ್ ವಿಭಾಗದಲ್ಲಿ ದಾಖಲಾದರೆ ನಡೆಯುತ್ತದೆಯೇ’ ಎಂದು ಕೇಳಿ, ಏಕೆಂದರೆ ಹೃದ್ರೋಗಕ್ಕೋ ಮೂಳೆಗೋ ಮಾತ್ರ ನೋಂದಾಯಿಸಿಕೊಂಡಿರುವ ಆಸ್ಪತ್ರೆಯೂ ಮೊದಲ ಪ್ರಶ್ನೆಗೆ ಹೌದೆಂದೇ ಉತ್ತರಿಸುತ್ತದೆ.