ಕಾಫಿ ಪುಡಿ ಮಾರುವ ಪೋಸ್ಟ್ ಹೇಗಿರಬೇಕು?

ತೋಟದ ಕಾಫಿಯನ್ನು ಹುರಿದು ಪುಡಿ ಮಾಡಿ ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಂನಲ್ಲಿ ಮಾರುವವರು ಕೊಡಗಿನಲ್ಲಿ ಸಾಕಷ್ಟಿದ್ದಾರೆ. ಹೆಚ್ಚಿನವರ ಪೋಸ್ಟ್ ಒಂದೇ ಥರ: ಮಂಜು, ಬೆಟ್ಟ, ಹಬೆಯಾಡುವ ಲೋಟ, ಕೆಳಗೆ ‘ಕೊಡಗಿನ ಅಪ್ಪಟ ಪರಿಮಳ’. ಲೈಕ್ ಬೀಳುತ್ತದೆ, ಆರ್ಡರ್ ಬರುವುದಿಲ್ಲ. ಮಂಜು ತೋರಿಸಿದರೆ ಜನ ರೂಮ್ ಖಾಲಿ ಇದೆಯಾ ಅಂತಲೇ ಕೇಳುವುದು!

ಮೊದಲು ಕ್ಯಾಮೆರಾ ಬದಿಗಿಟ್ಟು ಹಳೇ ಮೆಸೇಜುಗಳನ್ನು ಓದಿ. ಗಿರಾಕಿಗಳು ಕೇಳಿದ್ದನ್ನೆಲ್ಲ ಅವರದೇ ಮಾತಿನಲ್ಲಿ ಬರೆದುಕೊಳ್ಳಿ: ‘ಚಿಕೋರಿ ಎಷ್ಟು?’, ‘ಡಿಕಾಕ್ಷನ್ ಯಾಕೆ ನೀರಾಗುತ್ತೆ?’, ‘ಕಾಲು ಕೆಜಿ ಎಷ್ಟು ದಿನ ಬರುತ್ತೆ?’ ಒಂದು ಪ್ರಶ್ನೆಗೆ ಒಂದು ಪೋಸ್ಟ್, ಅಷ್ಟೇ. ಎರಡನೆಯದಕ್ಕೆ ಉತ್ತರ ಹೀಗಿರಲಿ:

‘ಡಿಕಾಕ್ಷನ್ ನೀರಾಗ್ತಿದೆಯಾ? ಫಿಲ್ಟರ್‌ಗೆ 20 ಗ್ರಾಂ ಪುಡಿ ಹಾಕಿ ಮೆಲ್ಲಗೆ ಒತ್ತಿ. ಕುದಿಯುವ ನೀರು 150 ಮಿಲಿ. 20 ನಿಮಿಷ ಮುಟ್ಟಬೇಡಿ. ನಮ್ಮದು ಕಾಫಿ 80, ಚಿಕೋರಿ 20; ಹುರಿದಿದ್ದು ಸೋಮವಾರ. ಕಾಲು ಕೆಜಿಯಲ್ಲಿ ಹನ್ನೆರಡು ಸಲ ಡಿಕಾಕ್ಷನ್ ಆಗುತ್ತೆ.’

ಕೊನೆಗೆ ಬೆಲೆ, ಕೊರಿಯರ್ ಖರ್ಚು ಸಮೇತ. ‘ಬೆಲೆಗೆ ಮೆಸೇಜ್ ಮಾಡಿ’ ಎಂದರೆ ಅರ್ಧ ಜನ ಅಲ್ಲಿಂದಲೇ ವಾಪಸ್.

ಚಿಕೋರಿ ಇದ್ದರೆ ಮುಚ್ಚಿಡಬೇಡಿ. ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ. 51 ಇರಲೇಬೇಕು, ಎರಡರ ಪ್ರಮಾಣವೂ ಪ್ಯಾಕೆಟ್ ಮೇಲೆ ಇರಬೇಕು. ಪೋಸ್ಟಿನಲ್ಲೊಂದು, ಪ್ಯಾಕೆಟ್ ಮೇಲೊಂದು ಆದರೆ ಗಿರಾಕಿ ಎರಡನೇ ಸಲ ಬರುವುದಿಲ್ಲ. ಜಿಐ (ಊರಿನ ಹೆಸರಿನ ಮೇಲೆ ಸಿಗುವ ಭೌಗೋಳಿಕ ಗುರುತು) ವಿಷಯದಲ್ಲೂ ಹುಷಾರು: 2019ರಲ್ಲಿ ಮಾನ್ಯತೆ ಸಿಕ್ಕಿದ್ದು ಕೊಡಗು ಅರೇಬಿಕಾಕ್ಕೆ. ಇನ್ನೊಂದು ಜಾತಿಯ ಕಾಫಿಯಾದ ರೊಬಸ್ಟಾದ ಪುಡಿಗೆ ಆ ಮಾತು ಅಂಟಿಸುವಂತಿಲ್ಲ.

ವಿಡಿಯೊ 20ರಿಂದ 30 ಸೆಕೆಂಡ್ ಸಾಕು, ಫೋನ್ ಅಡ್ಡ ಅಲ್ಲ, ಉದ್ದಕ್ಕೆ ಹಿಡಿಯಿರಿ. ಮೊದಲ ಮೂರು ಸೆಕೆಂಡಿನಲ್ಲೇ ಫಿಲ್ಟರಿನಿಂದ ತೊಟ್ಟಿಕ್ಕುವ ಡಿಕಾಕ್ಷನ್ ಹತ್ತಿರದಿಂದ ಕಾಣಬೇಕು. ಗೇಟು, ಬೋರ್ಡು, ನಮಸ್ಕಾರ ಎಲ್ಲ ಬೇಡ. ಟ್ಯೂಬ್‌ಲೈಟಿನಲ್ಲಿ ಪುಡಿ ಮಂಕಾಗಿ ಕಾಣುತ್ತದೆ, ಬೆಳಗ್ಗೆ ಕಿಟಕಿ ಪಕ್ಕ ತೆಗೆಯಿರಿ. ಎಷ್ಟೋ ಜನ ಸೌಂಡ್ ಆಫ್ ಮಾಡಿಯೇ ನೋಡುವುದರಿಂದ ಮಾತನ್ನು ಅಕ್ಷರದಲ್ಲೂ ಹಾಕಿ, ಆದರೆ ಪರದೆಯ ನಡುಭಾಗದಲ್ಲಿ. ರೀಲ್ಸ್‌ನಲ್ಲಿ ಕೆಳಗಿನ ಸಾಲು ಹೆಸರು, ಬಟನ್‌ಗಳ ಹಿಂದೆ ಅಡಗಿಹೋಗುತ್ತದೆ.

ತೋಟದ ದೃಶ್ಯಗಳನ್ನು ಆಯಾ ಕಾಲಕ್ಕೆ ಕೂಡಿಟ್ಟುಕೊಳ್ಳಿ. ಕೊಯ್ಲು, ಕಣದಲ್ಲಿ ಒಣಗುವ ಹಣ್ಣು ಚಳಿಗಾಲದಲ್ಲಿ ಸಿಗುತ್ತವೆ. ಹೂಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ಅರಳುವ ಹೂವು ಎರಡು-ಮೂರು ದಿನದಲ್ಲಿ ಬಾಡುತ್ತದೆ, ತಪ್ಪಿದರೆ ಇನ್ನು ಮುಂದಿನ ವರ್ಷವೇ. ಜೂನ್‌ನಿಂದ ಆಗಸ್ಟ್‌ವರೆಗೆ ಕರೆಂಟು, ನೆಟ್‌ವರ್ಕ್ ಎರಡನ್ನೂ ನಂಬುವಂತಿಲ್ಲವಾದ್ದರಿಂದ ಆ ಮೂರು ತಿಂಗಳ ಪೋಸ್ಟ್‌ಗಳು ಮೇ ಮುಗಿಯುವುದರೊಳಗೆ ಸಿದ್ಧವಿರಲಿ. ಕೆಲಸದವರ ಮುಖ ತೋರಿಸುವ ಮುನ್ನ ಅವರನ್ನು ಕೇಳಿ.

ಇನ್ನೊಂದು ಮಾತು. ಒಂದೇ ಮೆಸೇಜನ್ನು ಒಟ್ಟಿಗೆ ಹಲವರಿಗೆ ಕಳಿಸುವ ವಾಟ್ಸ್ಆ್ಯಪ್ ಬ್ರಾಡ್‌ಕಾಸ್ಟ್ ಲಿಸ್ಟಿನ ಮೆಸೇಜ್ ತಲುಪುವುದು ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ. ಹಾಗಾಗಿ ಪ್ರತಿ ಪಾರ್ಸೆಲ್‌ನೊಳಗೆ ಒಂದು ಚೀಟಿ ಇಡಿ: ಹುರಿದ ತಾರೀಕು, 20 ಗ್ರಾಂಗೆ 150 ಮಿಲಿ ಲೆಕ್ಕ, ಕೆಳಗೆ ‘ಈ ನಂಬರ್ ಸೇವ್ ಮಾಡಿಕೊಳ್ಳಿ, ಮುಂದಿನ ಸಲ ಹುರಿದಾಗ ತಿಳಿಸುತ್ತೇವೆ.’